ಎಡಮಗ್ಗುಲು

ಜುಲೈ 9

ಅಕ್ಕಾ,

ಗಾಬರಿಯಾಗಬೇಡ, ಬದುಕಿದ್ದೇನೆ. ಮೊನ್ನೆ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ತಲೆ ಸುತ್ತಿ ದೊಪ್ಪೆಂದು ಬಿದ್ದೆ, ಅಷ್ಟೆ. ರಬ್ಬರ್ ಗೊಂಬೆ ಇಟ್ಟುಕೊಂಡು ಹೆರಿಗೆ ಹೇಗಾಗುತ್ತದೆ ಎಂದು ತೋರಿಸುತ್ತಿದ್ದರು. ಗೊಂಬೆ ಅಕ್ಕಾ! ಒಂದು ತೊಟ್ಟು ರಕ್ತ ಇಲ್ಲ. ಕಣ್ಣು ಬಿಟ್ಟಾಗ ಕ್ಲಾಸೆಲ್ಲ ನನ್ನ ಸುತ್ತ ನಿಂತು ನೋಡುತ್ತಿತ್ತು. ಹಿಂದಿನ ಬೆಂಚಿನವಳು "ಇವಳಿಗೇ ಹೆರಿಗೆ ಆಯ್ತಾ?" ಎಂದಳಂತೆ.

ಇದನ್ನು ಬರೆಯಬಾರದಿತ್ತು, ಗೊತ್ತು. ನಮ್ಮಿಬ್ಬರ ಕಾಗದದ ಕಾನೂನೇ ಬೇರೆ. ಏಳು ವರ್ಷಕ್ಕೆ ನನ್ನನ್ನು ಹಾಸ್ಟೆಲಿಗೆ ಬಿಟ್ಟ ದಿನದಿಂದ ವಾರ್ಡನ್ ಪ್ರತಿಯೊಂದು ಕಾಗದವನ್ನೂ ಒಡೆದು ಓದುತ್ತಿದ್ದರು. ನೀನೂ "ಇಲ್ಲಿ ಎಲ್ಲ ಕ್ಷೇಮ" ಎನ್ನುತ್ತಿದ್ದೆ, ನಾನೂ "ಇಲ್ಲಿ ಎಲ್ಲ ಕ್ಷೇಮ" ಎನ್ನುತ್ತಿದ್ದೆ. ಅಮ್ಮ ತೀರಿಕೊಂಡ ವಾರವೂ ನೀನು ಬರೆದದ್ದು "ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ" ಎಂದೇ. ಈಗ ನನ್ನ ಕಾಗದವನ್ನು ಯಾರೂ ಒಡೆಯುವುದಿಲ್ಲ. ಆದರೂ ಬರೆಯುವಾಗ ಹೆಗಲ ಮೇಲಿಂದ ಯಾರೋ ಬಗ್ಗಿ ನೋಡುತ್ತಿದ್ದಾರೆ ಅನಿಸುತ್ತದೆ.

ವಿಷಯ ಏನೆಂದರೆ, ಕ್ಲಾಸಿನಲ್ಲಿ ಬಾಯಿ ಬಿಡದವರನ್ನೂ, ನನ್ನಂತೆ ಉರುಳಿ ಬೀಳುವವರನ್ನೂ ಬೇರೆ ಮಾಡಿ, ಒಬ್ಬೊಬ್ಬರನ್ನು ಒಬ್ಬೊಬ್ಬ ಹಿರಿಯ ಹೆರಿಗೆ ನರ್ಸ್ ಕೈಗೆ ಒಪ್ಪಿಸಿದ್ದಾರೆ. ವರ್ಷಪೂರ್ತಿ ಅವರು ಹೋದಲ್ಲಿ ಹೋಗಬೇಕು, ನಿಂತಲ್ಲಿ ನಿಲ್ಲಬೇಕು. ಅದು ಟ್ರೈನಿಂಗೋ ಪನಿಶ್ಮೆಂಟೋ ಇನ್ನೂ ತಿಳಿದಿಲ್ಲ. ನನಗೆ ಸಿಕ್ಕವರು ಕೂತರೂ "ಉಸ್ಸಪ್ಪಾ", ಎದ್ದರೂ "ಉಸ್ಸಪ್ಪಾ". ಎಲ್ಲರೂ ಉಸ್ಸಪ್ಪ ಮೇಡಂ ಎಂದೇ ಕರೆಯುವುದು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೇ ಏನೇ ಗೊಂಬೆ ನೋಡಿ ಬಿದ್ದವಳು?" ಎಂದರು. ಹೂಂ ಎಂದೆ. "ಒಳ್ಳೇದಾಯ್ತು ಬಿಡು. ಬೀಳೋರಿಗೆ ನೆಲ ಎಲ್ಲಿದೆ ಅಂತ ಗೊತ್ತಿರುತ್ತೆ."

ನಿನ್ನ ಹೊಟ್ಟೆಯೊಳಗಿನ ಬಾಡಿಗೆದಾರ ಹೇಗಿದ್ದಾನೆ? ಭಾವ ಲಾರಿಯಲ್ಲಿ ಯಾವ ಕಡೆ ಹೋಗಿದ್ದಾರೆ? ನನಗೆ ಈ ಕೋರ್ಸು ಆಗುತ್ತದಾ ಅಕ್ಕಾ? ನಿಜ ಹೇಳು.

ನಿನ್ನ ಪಿಟೀಲು

*

ಜುಲೈ 21

ಪಿಟೀಲು,

ಹುಟ್ಟಿದಾಗ ಮೂರು ಹೊತ್ತೂ ಕುಂಯ್ ಎಂದು ಅತ್ತವಳು ನೀನು. ನಿನಗೆ ಈ ಹೆಸರಿಟ್ಟವಳು ನಾನು. ಆ ಅಳು ತಡೆದುಕೊಂಡ ನನಗೆ, ನೀನು ಏನು ತಡೆಯಬಲ್ಲೆ ಏನು ತಡೆಯಲಾರೆ ಎಂದು ಗೊತ್ತಿದೆ. ಆಗುತ್ತದೆ. ಸುಮ್ಮನೆ ಕಲಿ.

ಗುಂಪಿನಲ್ಲಿ ನಿನಗೆ ಏನೂ ತಲೆಗೆ ಹತ್ತುವುದಿಲ್ಲ, ಮೊದಲಿನಿಂದಲೂ ಹಾಗೆಯೇ. ಹಾಸ್ಟೆಲಿನಿಂದ ರಜೆಗೆ ಬಂದಾಗ ಗಡಿಯಾರ ನೋಡಲೂ ಬರುತ್ತಿರಲಿಲ್ಲ. ಹೊಲಿಗೆ ಮೆಷಿನ್ ಪಕ್ಕ ಕೂರಿಸಿಕೊಂಡು ಹೇಳಿಕೊಟ್ಟೆ, ಸಂಜೆಯೊಳಗೆ ಬಂತು. ಅಮ್ಮ ನನಗೆ ಕಾಲರ್ ಹೊಲಿಯಲು ಕಲಿಸಿದ್ದೂ ಹಾಗೇ, ನನ್ನ ಕೈ ಮೇಲೆ ಅವಳ ಕೈ ಇಟ್ಟು. ಬಟ್ಟೆಯನ್ನು ಎಷ್ಟು ಎಳೆಯಬೇಕು ಎಂಬುದನ್ನು ಬಾಯಲ್ಲಿ ಹೇಳಲಾಗುವುದಿಲ್ಲ.

ಶಾಲೆಯ ಯೂನಿಫಾರ್ಮ್ ಆರ್ಡರ್ ಬಂದಿದೆ. ಮನೆ ತುಂಬ ನೀಲಿ ಬಟ್ಟೆ. ನಿನ್ನ ಭಾವ ಬಂದು ಎರಡು ದಿನ ಇದ್ದು ಮತ್ತೆ ಹೋದರು. ಅವರಿಗೆ ಕೂರಲು ಕುರ್ಚಿ ಇರಲಿಲ್ಲ, ಎಲ್ಲದರ ಮೇಲೂ ಪ್ಯಾಂಟು. ಪಕ್ಕದ ಗೋಡೌನಿನ ಇಲಿಗಳು ಒಂದು ತೋಳನ್ನು ಕಚ್ಚಿ ತೂತು ಮಾಡಿವೆ. ಜೇಬು ಹಚ್ಚಿ ಮುಚ್ಚಿದೆ. ತೋಳಿನ ಮೇಲೆ ಜೇಬು ಯಾಕೆ ಎಂದು ಕೇಳಿದರೆ ಹೊಸ ಫ್ಯಾಷನ್ ಎನ್ನುತ್ತೇನೆ.

ಬಾಡಿಗೆದಾರನಿಗೆ ಮೆಷಿನ್ ಸದ್ದು ಇಷ್ಟ. ನಾನು ತುಳಿಯುವಾಗ ಸುಮ್ಮನಿರುತ್ತಾನೆ, ನಿಲ್ಲಿಸಿದರೆ ಒದೆಯುತ್ತಾನೆ. ಮಾಲೀಕಳನ್ನೇ ದುಡಿಸುವ ಬಾಡಿಗೆದಾರನನ್ನು ನಾನು ಎಲ್ಲೂ ಕಂಡಿಲ್ಲ. ಇಲ್ಲಿ ಎಲ್ಲ ಕ್ಷೇಮ.

ಅಕ್ಕ

*

ಆಗಸ್ಟ್ 6

ಅಕ್ಕಾ,

ನಾನು ಕೇಳಿಸಿಕೊಂಡೆ! ಮಗುವಿನ ಎದೆಬಡಿತ. ನನ್ನ ಈ ಕಿವಿಯಲ್ಲಿ.

ಇಲ್ಲಿ ಒಂದು ಮರದ ಕೊಳವೆ ಇದೆ, ಪುಟ್ಟ ಕಹಳೆ ಥರ. ಅಗಲದ ಬಾಯಿಯನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಒತ್ತಬೇಕು. ಕ್ಲಾಸಿನಲ್ಲಿ ಸಾಲಾಗಿ ನಿಂತು ಎಲ್ಲರೂ ಕೇಳಿದ್ದೆವು. "ಕೇಳಿಸ್ತಾ?" "ಕೇಳಿಸ್ತು ಸರ್." "ನೆಕ್ಸ್ಟ್." ನನಗೆ ಏನೂ ಕೇಳಿಸಿರಲಿಲ್ಲ. ನಾನೂ ಕೇಳಿಸ್ತು ಸರ್ ಎಂದಿದ್ದೆ. ಮೇಡಂ ಜೊತೆ ಮೊದಲ ವಾರವೂ ಹಾಗೇ ಅಂದೆ. ಅವರು ನನ್ನ ಮುಖ ನೋಡಿ, "ಸುಳ್ಳಿ" ಎಂದರು. ಬೈಯಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದರು.

ಆಮೇಲೆ ಏನು ಮಾಡಿದರು ಗೊತ್ತಾ? ನನ್ನನ್ನು ಬಗ್ಗಿಸಿ ಕಿವಿ ಇಡಲು ಹೇಳಿ, ಒಂದು ಕೈಯಲ್ಲಿ ಆ ತಾಯಿಯ ಮಣಿಕಟ್ಟು ಹಿಡಿದರು. ಇನ್ನೊಂದು ಕೈಯ ಬೆರಳಿಂದ ನನ್ನ ಬೆನ್ನಿನ ಮೇಲೆ ಟಕ್... ಟಕ್... ಎಂದು ತಟ್ಟತೊಡಗಿದರು. "ನಾನು ತಟ್ತಿರೋದು ತಾಯೀದು. ಅದರ ಜೊತೆ ಸೇರದೆ ಇನ್ನೇನು ಕೇಳ್ಸುತ್ತೋ ಅದು ಮಗೂದು. ಹುಡುಕು. ಅವಸರ ಇಲ್ಲ." ನನ್ನ ಬೆನ್ನು ಒಂದು ಲೆಕ್ಕ ಹೇಳುತ್ತಿತ್ತು, ಕಿವಿ ಖಾಲಿ. ಕುತ್ತಿಗೆ ನೋಯುತ್ತಿತ್ತು. ಆಮೇಲೆ ಎಲ್ಲೋ ಬಹಳ ದೂರದಲ್ಲಿ, ದಿಂಬಿನ ಕೆಳಗೆ ಇಟ್ಟ ಕೈಗಡಿಯಾರದ ಹಾಗೆ, ಅವಸರದ ಸದ್ದು. ಬೆನ್ನಿನದಕ್ಕಿಂತ ಎಷ್ಟೋ ಬೇಗ. ನಾನು ಅತ್ತುಬಿಟ್ಟೆ. ಆ ತಾಯಿ ಹೆದರಿ, "ಯಾಕೆ ಸಿಸ್ಟರ್, ಏನಾಯ್ತು?" ಎಂದಳು. ಮೇಡಂ, "ಏನಿಲ್ಲ ಕಣಮ್ಮ, ನಿನ್ನ ಮಗು ಇವಳಿಗೆ ಪಾಸ್ ಮಾರ್ಕ್ಸ್ ಕೊಡ್ತು" ಎಂದರು.

ಅಕ್ಕಾ, ಸಾಲಿನಲ್ಲಿ ನಿಂತು ನೂರು ಸಲ ಕೇಳಿದ್ದರೂ ನನಗೆ ಇದು ಬರುತ್ತಿರಲಿಲ್ಲ. ನನ್ನ ಬೆನ್ನು ತಟ್ಟುವ ಒಬ್ಬರು ಬೇಕಿತ್ತು.

ಇನ್ನೊಂದು ವಿಷಯ, ಇದು ನಿನಗೆ ಉಪಯೋಗ. ಆಸ್ಪತ್ರೆ ಎದುರಿಗೆ ಗಡಿಯಾರ ರಿಪೇರಿಯವನ ಅಂಗಡಿ. ಅವನ ಹೆಂಡತಿಗೆ ಹೆದರಿಕೆ ಜಾಸ್ತಿ. ದಿನ ಬಿಟ್ಟು ದಿನ ರಸ್ತೆ ದಾಟಿ ಬರುತ್ತಾಳೆ, "ಮಗು ಅಲ್ಲಾಡ್ತಿಲ್ಲ ಸಿಸ್ಟರ್." ನಿನ್ನೆಯೂ ಬಂದಳು. ಮೇಡಂ ಎಂದಿನಂತೆ ಕೊಳವೆ ಇಟ್ಟು ತೆಗೆದು, "ಮನೆಗೆ ಹೋಗು. ತಣ್ಣಗೆ ಒಂದು ಲೋಟ ಸಕ್ಕರೆ ನೀರು ಕುಡಿದು ಎಡಮಗ್ಗುಲಿಗೆ ಮಲಗು. ನಿದ್ದೆ ಮಾಡ್ತಿದೆ ಅಷ್ಟೆ, ಅದಾಗಿ ಅದೇ ಏಳುತ್ತೆ. ಬೆಳಿಗ್ಗೆ ಬೇಕಾದ್ರೆ ಬಾ" ಎಂದರು. ಇವತ್ತು ಬೆಳಿಗ್ಗೆ ನಗುತ್ತ ಬಂದಳು. ಎದ್ದು ಒದ್ದಿತಂತೆ.

ನಮ್ಮ ಬಾಡಿಗೆದಾರ ಯಾವತ್ತಾದರೂ ಮುನಿಸಿಕೊಂಡರೆ ನೀನೂ ಹಾಗೇ ಮಾಡು. ಅಲ್ಲಿನ ಆಸ್ಪತ್ರೆಯ ಕ್ಯೂನಲ್ಲಿ ನಿಂತು ಬೈಸಿಕೊಳ್ಳಬೇಡ. ತಣ್ಣಗಿನ ನೀರು, ಎಡಮಗ್ಗುಲು, ಬೆಳಿಗ್ಗೆ ತನಕ ಕಾಯಿ. ನೋಡು, ನಿನಗೆ ಮನೆಯಲ್ಲೇ ಸಿಸ್ಟರ್ ಇದ್ದಾಳೆ!

ಪಿಟೀಲು

*

ಆಗಸ್ಟ್ 18

ಪಿಟೀಲು ಸಿಸ್ಟರ್,

ನಿನ್ನ ಕಾಗದ ಓದಿ ಭಾವ, "ಇನ್ಮೇಲೆ ಇವಳಿಗೆ ಹೋಗೇ ಬಾರೇ ಅನ್ನೋ ಹಾಗಿಲ್ಲ" ಎಂದರು. ಕಾಗದವನ್ನು ಮೆಷಿನ್ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಅಳತೆ ಕೊಡಲು ಬಂದವರಿಗೆಲ್ಲ ಅದನ್ನು ತೋರಿಸಿಯೇ ಟೇಪು ಹಿಡಿಯುವುದು. ಒಬ್ಬಳು ಟೀಚರ್, "ನಿಮ್ಮ ತಂಗಿ ಡಾಕ್ಟರಾ?" ಎಂದಳು. ನಾನು ಇಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ.

ಇಲ್ಲಿನ ಆಸ್ಪತ್ರೆಗೆ ಹೋಗಿದ್ದೆ. ಚೆನ್ನಾಗಿದೆ ಎಂದರು. ಒಂದು ಮಾತು ಕೇಳಲು ಬಾಯಿ ತೆರೆಯುವುದರೊಳಗೆ ಮುಂದಿನವಳನ್ನು ಕರೆದಾಗಿತ್ತು. ಪರವಾಗಿಲ್ಲ. ಕೇಳಬೇಕಾದ್ದನ್ನು ನಿನ್ನನ್ನೇ ಕೇಳುತ್ತೇನೆ.

ಊಟ ಸರಿಯಾಗಿ ಮಾಡು. ನಿಮ್ಮ ಮೇಡಂಗೆ ನನ್ನ ನಮಸ್ಕಾರ. ನಿನ್ನ ಬೆನ್ನು ತಟ್ಟುವುದು ನನ್ನ ಕೆಲಸವಾಗಿತ್ತು, ಅವರಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ಹೇಳು.

ಅಕ್ಕ

*

ಸೆಪ್ಟೆಂಬರ್ 3

ಅಕ್ಕಾ,

ನಿನ್ನೆ ಒಂದು ಮಗು ನನ್ನ ಕೈಗೆ ಬಂತು. ಮೇಡಂ ಕೈ ಕೆಳಗಿತ್ತು, ನನ್ನ ಕೈ ಮೇಲಿತ್ತು, ಆದರೂ ಬಂದದ್ದು ನನ್ನ ಕೈಗೇ. ಒದ್ದೆ, ಬಿಸಿ, ಜಾರುವ ಸೋಪಿನ ಹಾಗೆ. ಅತ್ತಿತು. ನಾನು ಬೀಳಲಿಲ್ಲ! ಮೇಡಂ ಹೊರಗೆ ಬಂದು, "ಉಸ್ಸಪ್ಪಾ, ನಿನ್ನ ಹಿಡಿದುಕೊಳ್ಳೋಕೆ ಅಂತ ಆಯಾನ ಹಿಂದೆ ನಿಲ್ಲಿಸಿದ್ದೆ. ದಂಡ" ಎಂದರು.

ಒಂದು ಕನಸು ಹೇಳುತ್ತೇನೆ, ನಗಬೇಡ. ನವೆಂಬರಿನಲ್ಲಿ ರಜೆ ಕೇಳುತ್ತೇನೆ. ನಮ್ಮ ಬಾಡಿಗೆದಾರನನ್ನು ಮೊದಲು ಹಿಡಿಯುವವಳು ನಾನೇ ಆಗಬೇಕು. ಅವನಿಗೆ ಈಗಲೇ ಹೇಳಿಡು.

ಪಿಟೀಲು

*

ಸೆಪ್ಟೆಂಬರ್ 21

ಅಕ್ಕಾ,

ಯಾಕೆ ಬರೆದಿಲ್ಲ? ಯೂನಿಫಾರ್ಮ್ ಇನ್ನೂ ಮುಗಿದಿಲ್ಲವಾ? ಭಾನುವಾರ ಇಲ್ಲಿಯ ಆಫೀಸಿನಿಂದ ನಿಮ್ಮ ಬೀದಿಯ ಅಂಗಡಿಗೆ ಫೋನ್ ಮಾಡಿದ್ದೆ. ಭಾವನೇ ಬಂದು ಮಾತಾಡಿದರು. ಲಾರಿ ಬಿಟ್ಟು ಮನೆಯಲ್ಲಿದ್ದಾರಲ್ಲ, ಆಶ್ಚರ್ಯ. "ಮಲಗಿದ್ದಾಳೆ" ಎಂದರು. ಮಧ್ಯಾಹ್ನ ನೀನು ಮಲಗುವವಳಲ್ಲ. "ಎಬ್ಬಿಸಿ ಭಾವ" ಎಂದೆ. "ಬೇಡಮ್ಮ, ಮಲಗಲಿ" ಎಂದು ಇಟ್ಟುಬಿಟ್ಟರು. ನನ್ನ ಮೇಲೇನಾದರೂ ಸಿಟ್ಟಾ?

ಪಿಟೀಲು

*

ಸೆಪ್ಟೆಂಬರ್ 28

ಪಿಟೀಲು,

ಸಿಟ್ಟೇನಿಲ್ಲ. ಕೆಲಸ ಜಾಸ್ತಿ. ಇಲ್ಲಿ ಎಲ್ಲ ಕ್ಷೇಮ.

ನಿನ್ನ ಪರೀಕ್ಷೆ ಹತ್ತಿರ ಬಂತು, ಓದು. ನವೆಂಬರಿನಲ್ಲಿ ಬರುವ ಯೋಚನೆ ಬಿಡು. ಭಾವ ಇದ್ದಾರೆ, ನೋಡಿಕೊಳ್ಳುತ್ತಾರೆ.

ಒಂದು ಕೇಳಬೇಕಿತ್ತು. ಪಕ್ಕದ ಮನೆಯವಳಿಗೆ ಎದೆಹಾಲು ನಿಲ್ಲಬೇಕು. ಏನು ಮಾಡಬೇಕಂತೆ? ಕಲ್ಲಿನ ಹಾಗೆ ಗಟ್ಟಿಯಾಗಿ ನೋಯುತ್ತದಂತೆ. ಆಸ್ಪತ್ರೆಯಲ್ಲಿ ಏನೂ ಹೇಳಿ ಕಳಿಸಲಿಲ್ಲವಂತೆ. ಬೇಗ ಬರಿ.

ಅಕ್ಕ

*

ಅಕ್ಟೋಬರ್ 5

ಅಕ್ಕಾ,

ನಿನ್ನ ಕಾಗದ ಓದಿ ಬೇಜಾರಾಯಿತು. ಇಷ್ಟು ದಿನ ಕಾಯಿಸಿ ನಾಲ್ಕು ಸಾಲು. ನಾನು ಯೋಚನೆ ಮಾಡಿದೆ, ನಿನಗೆ ಕೋಪ ಯಾಕೆಂದು ನನಗೆ ಗೊತ್ತು. ಬರೀ ಮೇಡಂ ಮೇಡಂ ಎಂದು ಬರೆದೆನಲ್ಲ, ಅದಕ್ಕೆ. ಗಡಿಯಾರದಿಂದ ಹಿಡಿದು ಎಲ್ಲ ಕಲಿಸಿದವಳು ನೀನು, ಇವಳು ಈಗ ಬೇರೆಯವರ ಹಿಂದೆ ಬಿದ್ದಳು ಅಂತ ಅನಿಸಿರಬೇಕು. ಅಲ್ಲವಾ? ಮೇಡಂ ಬೇರೆ, ನೀನು ಬೇರೆ ಅಕ್ಕಾ. ಹೀಗೆ ಮುನಿಸಿಕೊಳ್ಳುವ ವಯಸ್ಸಾ ನಿನ್ನದು? ಬಾಡಿಗೆದಾರನ ಬಗ್ಗೆ ಒಂದು ಸಾಲೂ ಇಲ್ಲ. ಅವನಿಗೂ ನನ್ನ ಮೇಲೆ ಸಿಟ್ಟಾ?

ಪಕ್ಕದ ಮನೆಯವರಿಗೆ ಹೇಳು: ಹಾಲು ಹಿಂಡಿ ಖಾಲಿ ಮಾಡಬಾರದು, ಮಾಡಿದಷ್ಟೂ ಬರುತ್ತದೆ. ತೀರಾ ನೋವಾದರೆ ಸ್ವಲ್ಪ ಮಾತ್ರ ತೆಗೆಯುವುದು. ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡುವುದು. ಜ್ವರ ಬಂದರೆ, ಕೆಂಪಾದರೆ, ತಡಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು. ಇದು ನಮ್ಮ ನೋಟ್ಸಿನಲ್ಲೇ ಇದೆ. ಅವರ ಮಗುವಿಗೆ ಏನಾಯಿತು? ಅಷ್ಟು ಬೇಗ ಯಾಕೆ ನಿಲ್ಲಿಸಬೇಕಂತೆ, ಕೆಲಸಕ್ಕೆ ಹೋಗಬೇಕಾ?

ನವೆಂಬರಿಗೆ ಬಂದೇ ಬರುತ್ತೇನೆ. ರಜೆ ಕೇಳಿಯಾಯಿತು.

ಪಿಟೀಲು

*

ಅಕ್ಟೋಬರ್ 14

ಪಿಟೀಲು,

ನಿನ್ನ ಮೇಡಂ ಬಗ್ಗೆ ನನಗೆ ಹೊಟ್ಟೆಕಿಚ್ಚು ಎಂದುಕೊಂಡೆಯಲ್ಲ, ಪೆದ್ದಿ. ಹಾಗಂದುಕೊಂಡರೆ ನಿನಗೆ ಸಮಾಧಾನವಾಗುವುದಾದರೆ ಹಾಗೇ ಇರಲಿ.

ಬರಬೇಡ. ರಜೆಯನ್ನು ಉಳಿಸಿಕೋ.

ನೀನು ಹೇಳಿದ ತಣ್ಣೀರು ಬಟ್ಟೆಯಿಂದ ಪಕ್ಕದ ಮನೆಯವಳಿಗೆ ಕಡಿಮೆಯಾಯಿತು. ಮೊದಮೊದಲು ಬೀದಿಯಲ್ಲಿ ಯಾವ ಮಗು ಅತ್ತರೂ ಅವಳ ರವಿಕೆ ಒದ್ದೆಯಾಗುತ್ತಿತ್ತು. ಅವಳ ಮೈಗೆ ಇನ್ನೂ ತಿಳಿದಿರಲಿಲ್ಲ. ಈಗ ತಿಳಿದಿದೆ. ಮಗುವಿಗೆ ಏನಾಯಿತೆಂದು ಕೇಳಿದ್ದೀಯ. ನಾನು ಕೇಳಲಿಲ್ಲ.

ಯೂನಿಫಾರ್ಮ್ ಎಲ್ಲ ಕೊಟ್ಟಾಯಿತು. ಪರದೆಗಳ ಆರ್ಡರ್ ತೆಗೆದುಕೊಂಡಿದ್ದೇನೆ. ನೆಲದ ಮೇಲೆ ಹರಡಿ ಬಗ್ಗಿ ಕತ್ತರಿಸುವ ಕೆಲಸ, ಸಂಜೆಗೆ ಸೊಂಟ ಬಿದ್ದುಹೋಗುತ್ತದೆ. ಬೋರಲು ಮಲಗಿದರೆ ತುಸು ಹಾಯೆನಿಸುತ್ತದೆ. ಇಲ್ಲಿ ಎಲ್ಲ ಕ್ಷೇಮ.

ಅಕ್ಕ

*

ಅಕ್ಟೋಬರ್ 23

ಅಕ್ಕಾ,

ಈ ಕಾಗದವನ್ನು ಹೇಗೆ ಶುರುಮಾಡಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಿನ್ನ ಕಾಗದ ಬಂದಾಗ ಮೇಡಂ ಜೊತೆ ಕೂತು ವಾರ್ಡಿನ ಬಟ್ಟೆ ಮಡಚುತ್ತಿದ್ದೆ. ನನ್ನ ಅಕ್ಕ ಎಷ್ಟು ಹಟಮಾರಿ ನೋಡಿ ಎಂದು ಗಟ್ಟಿಯಾಗಿ ಓದಿ ಹೇಳಿದೆ. ಕಡೆಯ ಸಾಲಿಗೆ ಬಂದಾಗ ಅವರ ಕೈ ನಿಂತಿತು.

"ನಿಮ್ಮಕ್ಕಂಗೆ ಎಷ್ಟು ತಿಂಗಳೇ ಈಗ?"

"ಎಂಟು ತುಂಬ್ತು ಮೇಡಂ."

"ಎಂಟು ತುಂಬಿದವಳು ಬೋರಲು ಮಲಗ್ತಾಳಾ?"

ಅವರು ಇನ್ನೊಂದು ಟವೆಲ್ ತೆಗೆದುಕೊಂಡರು, ಮಡಚದೆ ಮಡಿಲಲ್ಲೇ ಇಟ್ಟುಕೊಂಡರು.

"ಆ ಪಕ್ಕದ ಮನೆಯವಳು, ಯಾರವಳು? ನಿಂಗೆ ಗೊತ್ತಾ?"

"ಇಲ್ಲ ಮೇಡಂ. ಅಕ್ಕನ ಮನೆಯ ಒಂದು ಪಕ್ಕ ಗೋಡೌನು. ಇನ್ನೊಂದು ಪಕ್ಕ ಸೈಕಲ್ ಅಂಗಡಿಯ ಮುದುಕ ಒಬ್ಬನೇ..."

ನನ್ನ ಬಾಯಿಂದ ಬಂದ ಮಾತು ನನ್ನ ಕಿವಿಗೆ ಆಗ ಬಿತ್ತು. ಬೇಸಿಗೆ ರಜೆಯಲ್ಲಿ ಎಷ್ಟು ಸಲ ಆ ಮುದುಕನ ಹತ್ತಿರ ಹೋಗಿ ಚಕ್ರಕ್ಕೆ ಗಾಳಿ ಹಾಕಿಸಿಲ್ಲ! ನಿನ್ನ ಪಕ್ಕದಲ್ಲಿ ಹೆಂಗಸೇ ಇಲ್ಲ ಅಕ್ಕಾ. ಎರಡು ಕಾಗದ ಬಂದವು, ನಾನು ಎರಡು ಸಲವೂ ಓದಿದೆ, ಉತ್ತರ ಬರೆದೆ. ನೋಟ್ಸ್ ನೋಡಿ ಉತ್ತರ ಬರೆದೆ.

ಆಮೇಲೆ ಇನ್ನೊಂದು ನೆನಪಾಯಿತು. ಆಗಸ್ಟಿನಲ್ಲಿ ನಾನು ನಿನಗೆ ಬರೆದದ್ದನ್ನು ಮೇಡಂಗೆ ಹೇಳಿದೆ. ನೀರು, ಎಡಮಗ್ಗುಲು, ಬೆಳಿಗ್ಗೆ.

"ಅದನ್ನ ಯಾರು ಹೇಳಿದ್ರು ನಿಂಗೆ?"

"ನೀವೇ. ಗಡಿಯಾರದವನ ಹೆಂಡತಿಗೆ ಹೇಳಿದ್ರಲ್ಲ."

"ಅವಳಿಗೆ ಹೇಳೋಕೆ ಮುಂಚೆ ನಾನೇನು ಮಾಡಿದೆ?"

"ಕೊಳವೆ ಇಟ್ರಿ."

"ಇಟ್ಟು?"

"ಕೇಳಿದ್ರಿ."

"ಕೇಳಿದೆ. ಚೆನ್ನಾಗಿತ್ತು. ಅದಕ್ಕೇ ಮನೆಗೆ ಕಳಿಸಿದೆ. ಕೇಳದೆ ಇದ್ದಿದ್ರೆ ಕಳಿಸ್ತಿರಲಿಲ್ಲ ಕಣೇ. ಅದು ಅವಳೊಬ್ಬಳಿಗೆ, ಅವತ್ತೊಂದು ದಿನಕ್ಕೆ ಹೇಳಿದ ಮಾತು. ಬೇರೆ ಯಾರೇ ಮಗು ಅಲ್ಲಾಡ್ತಿಲ್ಲ ಅಂದ್ರೂ ಆ ಕ್ಷಣ ಆಸ್ಪತ್ರೆಗೆ ಓಡಬೇಕು."

ಆಮೇಲೆ ಟವೆಲನ್ನು ಪಕ್ಕಕ್ಕಿಟ್ಟು, "ಕಿವಿಯಲ್ಲಿ ಕೇಳಿದ್ದನ್ನ ನಾನೂ ನಿಂಗೆ ಬಿಡಿಸಿ ಹೇಳಲಿಲ್ಲ. ಪಕ್ಕದಲ್ಲೇ ಇದ್ದಾಳಲ್ಲ, ನೋಡ್ತಿದ್ದಾಳೆ, ತಿಳ್ಕೋತಾಳೆ ಅಂದ್ಕೊಂಡೆ" ಎಂದರು. ಆ ದಿನವೆಲ್ಲ ಅವರ ಬಾಯಲ್ಲಿ ಒಂದೇ ಒಂದು ಉಸ್ಸಪ್ಪ ಬರಲಿಲ್ಲ.

ಅಕ್ಕಾ, ಮಗು ಉಳಿಯದ ತಾಯಂದಿರ ಹತ್ತಿರ "ಹೋಗಲಿ ಬಿಡು, ಇನ್ನೊಂದು ಆಗುತ್ತೆ" ಎನ್ನಬಾರದು ಎಂದು ಮೇಡಂ ಕಲಿಸಿದ್ದಾರೆ. ಮಗು ಹೇಗಿತ್ತು ಎಂದು ಕೇಳಬೇಕಂತೆ. ನಿನ್ನನ್ನು ಕೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಕೇಳುತ್ತೇನೆ. ಅವನನ್ನು ನಿನ್ನ ಕೈಗೆ ಕೊಟ್ಟರಾ? ಕೂದಲಿತ್ತಾ? ಯಾರ ಮುಖ?

ಮತ್ತೆ ನೀನು ಆ ನೀರು ಕುಡಿದೆಯಾ? ಇಲ್ಲ ಎಂದು ಸುಳ್ಳು ಹೇಳಬೇಡ ಅಕ್ಕಾ. ಈ ಒಂದು ಸಲ ಬೇಡ.

ಪಿಟೀಲು

*

ನವೆಂಬರ್ 4

ಪಿಟೀಲು,

ಕುಡಿದೆ.

ಸೆಪ್ಟೆಂಬರ್ ಎರಡನೇ ವಾರ. ಬೆಳಿಗ್ಗೆಯಿಂದ ಕಾಜಾ ಹೊಲಿಯುತ್ತಿದ್ದೆ. ಮಧ್ಯಾಹ್ನ ಮೆಷಿನ್ ನಿಲ್ಲಿಸಿದೆ, ಅವನು ಒದೆಯಲಿಲ್ಲ. ಸದ್ದಿಲ್ಲದೆ ಕೂತು ನೋಡಿದೆ. ಭಾವ ಊರಲ್ಲಿರಲಿಲ್ಲ. ಸೈಕಲ್ ಅಂಗಡಿಯಜ್ಜ ಬಾಗಿಲಲ್ಲಿ ನಿಂತು, "ಏನಮ್ಮ, ಇವತ್ತು ಮೆಷಿನ್ ಸದ್ದೇ ಇಲ್ಲ? ಹುಷಾರಿಲ್ವಾ? ಆಟೋ ಕರೀಲಾ?" ಎಂದ. ನಾನು ಗೋಡೆಯ ಮೇಲಿನ ನಿನ್ನ ಕಾಗದ ನೋಡಿದೆ. "ಬೇಡ ತಾತ, ನನ್ನ ತಂಗಿ ಹೇಳಿದ್ದಾಳೆ" ಎಂದೆ.

ಎಡಮಗ್ಗುಲಿಗೆ ಮಲಗಿದೆ. ನೀರು ಕುಡಿದು ಮತ್ತೆ ಮಲಗಿದೆ. ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಅವರು ಹೊಟ್ಟೆಯ ಮೇಲೆ ನೀನು ಬರೆದಿದ್ದ ಆ ಕೊಳವೆಯನ್ನು ಇಟ್ಟು, ಜಾಗ ಬದಲಿಸಿ, ಇನ್ನೊಂದು ಕಡೆ ಇಟ್ಟು, ಇನ್ನೊಬ್ಬರನ್ನು ಕರೆದರು. ಅವರ ಮುಖ ನೋಡುತ್ತಲೇ ನನಗೆ ತಿಳಿಯಿತು. ಹಿಂದಿನ ದಿನವೇ ಬಂದಿದ್ದರೆ ಉಳಿಯುತ್ತಿತ್ತಾ ಎಂದು ಕೇಳಿದೆ. ಡಾಕ್ಟರಮ್ಮ, "ಹೇಳೋಕಾಗಲ್ಲಮ್ಮ" ಎಂದರು. ಆ ಮಾತನ್ನು ದಿನವೂ ತಿರುಗಿಸಿ ಮುರುಗಿಸಿ ನೋಡುತ್ತೇನೆ. ಅದಕ್ಕೆ ಒಳಗು ಯಾವುದು ಹೊರಗು ಯಾವುದು ತಿಳಿಯುವುದಿಲ್ಲ.

ನಿನಗೆ ಹೇಳಬಾರದು ಎಂದು ಭಾವನ ಹತ್ತಿರ ಮಾತು ತೆಗೆದುಕೊಂಡೆ. ನಿನ್ನ ಕಾಗದವನ್ನು ಗೋಡೆಯಿಂದ ಅವರೇ ಬಿಡಿಸಿದರು. ಹರಿಯಲಿಲ್ಲ, ಎಲ್ಲಿಟ್ಟಿದ್ದಾರೋ ನಾನು ಕೇಳಿಲ್ಲ.

ಕೂದಲಿತ್ತು. ತುಂಬ. ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತು. ಉಗುರು ಸಹ ಬೆಳೆದಿತ್ತು. ಕಿವಿ ಭಾವನದು, ಅಗಲ. ಬಾಯಿ ಯಾರದೆಂದು ಆ ಹೊತ್ತಿನಲ್ಲಿ ತಿಳಿಯಲಿಲ್ಲ. ಆಮೇಲೆ ಒಂದು ದಿನ ಬಾಬಿನ್‌ಗೆ ದಾರ ಸುತ್ತುವಾಗ ಹೊಳೆಯಿತು. ನಿನ್ನದು. ಅಳಲು ಶುರುಮಾಡುವ ಮೊದಲು ನೀನು ಬಾಯಿ ಹೇಗೆ ಮಾಡುತ್ತಿದ್ದೆಯೋ ಹಾಗೇ ಇತ್ತು. ಅವನು ಮುಂದಕ್ಕೆ ಹೋಗಲಿಲ್ಲ, ಅಷ್ಟೆ. ನರ್ಸು ಕೈಗೆ ಕೊಟ್ಟಳು, ಬೇಗ ತೆಗೆದುಕೊಂಡಳು. ಇನ್ನೂ ಸ್ವಲ್ಪ ಹೊತ್ತು ಎನ್ನಲು ನನಗೆ ಬಾಯಿ ಬರಲಿಲ್ಲ. ಇದನ್ನೆಲ್ಲ ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನೀನು ಕೇಳಿದೆ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಮೊದಲು ಬರೆದೆ. ಆಮೇಲೆ ಆ ಹಾಳೆ ಹರಿದೆ. ಸಿಟ್ಟಿದೆ. ನಿನ್ನ ಮೇಲೆ, ಓದಿ ನಂಬಿದ ನನ್ನ ಮೇಲೆ. ನೀನು ಕಲಿಯುತ್ತಿರುವ ಕೂಸು, ನಾನು ನಿನ್ನನ್ನು ಡಾಕ್ಟರ್ ಮಾಡಿ ಗೋಡೆಗೆ ಅಂಟಿಸಿದೆ. ಇದು ಯಾವಾಗ ಕಡಿಮೆಯಾಗುತ್ತದೋ ನನಗೆ ಗೊತ್ತಿಲ್ಲ. ಅಲ್ಲಿಯವರೆಗೆ ಬರಬೇಡ. ಎದುರಿಗೆ ಬಂದರೆ ನಾನು ಏನೋ ಅಂದುಬಿಡುತ್ತೇನೆ, ಅದನ್ನು ಬಿಚ್ಚಿ ಮತ್ತೆ ಹೊಲಿಯಲಾಗುವುದಿಲ್ಲ.

ಕೋರ್ಸು ಬಿಡುತ್ತೇನೆ ಎಂದು ಮಾತ್ರ ಬರೆಯಬೇಡ. ಅದನ್ನು ನಾನು ತಡೆಯಲಾರೆ.

ಅಕ್ಕ

*

ನವೆಂಬರ್ 27

ಅಕ್ಕಾ,

ಬಿಡಬೇಕೆಂದಿದ್ದೆ. ಟ್ರಂಕು ತುಂಬಿ ಬಾಗಿಲ ಹತ್ತಿರ ಇಟ್ಟಿದ್ದೆ. ನಿನ್ನ ಕಡೆಯ ಎರಡು ಸಾಲು ಓದಿ ಮತ್ತೆ ಬಿಚ್ಚಿದೆ. ವಾರವೆಲ್ಲ ಮೇಡಂ ಹಿಂದೆ ಹೋದೆ, ಯಾರನ್ನೂ ಮುಟ್ಟಲಿಲ್ಲ. ಕೊಳವೆ ಕೊಟ್ಟರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ಅವರು ಒತ್ತಾಯ ಮಾಡಲಿಲ್ಲ. ಒಂದೇ ಬದಲಾಗಿತ್ತು. ಈಗ ಪ್ರತಿಯೊಬ್ಬರನ್ನು ನೋಡಿದ ಮೇಲೂ ನನ್ನನ್ನು ಕಾರಿಡಾರಿಗೆ ಕರೆದು, ತಾವು ಏನು ಕೇಳಿಸಿಕೊಂಡರು, ಬೆರಳಿಗೆ ಏನು ಸಿಕ್ಕಿತು, ಅದಕ್ಕೆ ಹೀಗೇ ಯಾಕೆ ಹೇಳಿದರು, ಎಲ್ಲ ಬಿಡಿಸಿ ಹೇಳುತ್ತಾರೆ. ಕಡೆಗೆ, "ಇದು ಯಾರಿಗೆ ಹೇಳಿದ್ದು?" ಎಂದು ಕೇಳುತ್ತಾರೆ. "ಇವರೊಬ್ಬರಿಗೆ" ಎಂದು ನಾನು ಹೇಳಬೇಕು. ಹೇಳುವ ತನಕ ಬಿಡುವುದಿಲ್ಲ.

ಮೊನ್ನೆ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುವ ಒಬ್ಬಳು ಬಂದಳು, ಡ್ಯೂಟಿ ಮುಗಿಸಿ ಹಾಗೇ. ಒಂಬತ್ತು ತಿಂಗಳು. "ಸುಮ್ನೆ ಬಂದೆ ಸಿಸ್ಟರ್, ಬೆಳಿಗ್ಗೆಯಿಂದ ಮಗು ಅಲ್ಲಾಡೋದು ಸ್ವಲ್ಪ ಕಡಿಮೆ ಅನ್ನಿಸ್ತು. ಮಲಗಿದ್ರೆ ಸರಿಹೋಗುತ್ತಲ್ವಾ? ಮನೆಗೆ ಹೋಗ್ಲಾ?" ಎಂದಳು. ಮೇಡಂ ಇನ್ನೊಂದು ಹೆರಿಗೆಯಲ್ಲಿದ್ದರು. "ಎಲ್ಲೂ ಹೋಗಬೇಡಿ" ಎಂದೆ. ಜೋರಾಗಿ ಹೇಳಿದೆ ಅನಿಸುತ್ತದೆ, ಅವಳು ಹೆದರಿದಳು. ಮಂಚಕ್ಕೆ ಹತ್ತಿಸಿ ಒಂದು ಕೈಯಲ್ಲಿ ಅವಳ ಮಣಿಕಟ್ಟು ಹಿಡಿದೆ. ಬೆನ್ನು ತಟ್ಟುವವರು ಇರಲಿಲ್ಲ, ನನ್ನೊಳಗೇ ತಟ್ಟಿಕೊಂಡೆ. ಕಿವಿ ಇಟ್ಟೆ. ತಾಯಿಯದು ಬೇರೆ ಮಾಡಿದೆ. ಉಳಿದದ್ದು ಇತ್ತು, ಆದರೆ ನಿಧಾನವಾಗಿತ್ತು ಅಕ್ಕಾ. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಾನು ಕೇಳಿದ ಯಾವ ಮಗುವಿನದೂ ಹಾಗಿರಲಿಲ್ಲ.

ಓಡಿದೆ. ಮೇಡಂ ಕೈಯ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟು ಬಂದರು, ಕಿವಿ ಇಟ್ಟರು, ತಕ್ಷಣ ಡಾಕ್ಟರನ್ನು ಕರೆಸಿದರು. ಸ್ಟ್ರೆಚರ್ ತಳ್ಳುವಾಗ ಅವಳು ನನ್ನ ಕೈ ಹಿಡಿದೇ ಇದ್ದಳು. ಆಪರೇಷನ್ ಕೋಣೆಯ ಬಾಗಿಲ ತನಕ ಹೋದೆ. ಆಮೇಲೆ ಬಾಗಿಲು ಹಾಕಿದರು.

ಇದನ್ನು ನಿನಗೆ ಬರೆಯಬಾರದೇನೋ. ಬರೆಯದೆ ಇರಲು ಆಗಲಿಲ್ಲ. ಉತ್ತರ ಬರೆಯಬೇಕಿಲ್ಲ ಅಕ್ಕಾ. ಕರೆಯುವ ತನಕ ಬರುವುದಿಲ್ಲ.

ಪಿಟೀಲು

*

ಡಿಸೆಂಬರ್ 8

ಪಿಟೀಲು,

ಬಾಗಿಲು ಹಾಕಿದರು ಎಂದು ಬರೆದು ನಿಲ್ಲಿಸಿದ್ದೀಯ. ಇಷ್ಟೊತ್ತಿಗೆ ನಿನಗೆ ಗೊತ್ತಿರಲೇಬೇಕು. ಭಾವ, "ಬಿಡು, ಯಾರದೋ ಏನೋ, ನಿನಗೆ ಯಾಕೆ" ಎಂದರು. ನಿನ್ನ ಕಾಗದ ಬಂದ ದಿನದಿಂದ ಪರದೆ ಕತ್ತರಿಸಲು ಕೂತರೆ ಕೈ ಅಲ್ಲೇ ನಿಲ್ಲುತ್ತಿದೆ.

ಆ ಟಿಕೆಟ್ ಕೌಂಟರಿನವಳ ಮಗು ಅತ್ತಿತಾ? ಅತ್ತಿದ್ದರೆ ಅತ್ತಿತು ಎಂದು ಬರಿ. ನನಗೆ ಹೆದರಿ ಮುಚ್ಚಿಡಬೇಡ.

ಅಕ್ಕ